ಅಲ್ಪವೆಚ್ಚದ ಶ್ವಾಸಯಂತ್ರಗಳು: ಒಂದು ವಿವೇಚನೆ

೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದಿಂದ ಭಾರತದಲ್ಲಿ ಮೊದಲನೆಯ ಸಾವು ಸಂಭವಿಸಿದುದು ನಮ್ಮ ರಾಜ್ಯದ ಕಲಬುರಗಿಯಲ್ಲಿ. ಶಿವಮೊಗ್ಗ ಜಿಲ್ಲೆಯಲ್ಲಾದರೋ ಮೇ ತಿಂಗಳು ಬರುವವರೆಗೆ ಆ ರೋಗವು ಕಾಣಿಸಿಕೊಳ್ಳಲಿಲ್ಲ. ನಡುವೆ ದೊರೆತ ಆ ಅಲ್ಪ ಬಿಡುವಿನಲ್ಲಿ ನಮ್ಮ ದೇಶದ ಅನೇಕ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಒಂದೇ ಪ್ರಶ್ನೆ ಎದ್ದಿತು: ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಎಂದು ಕರೆಯುವ ಶ್ವಾಸಯಂತ್ರವನ್ನು, ಸ್ಥಳದಲ್ಲಿ ದೊರೆಯುವ ಸಾಮಗ್ರಿಗಳಿಂದ, ಕಡಮೆ ವೆಚ್ಚದಲ್ಲಿ ನಾವೇ ಮಾಡಿಕೊಳ್ಳಬಹುದೆ? ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿ, ಎರಕದ ಕಾರ್ಖಾನೆಗಳೂ ಯಂತ್ರದ ಬಿಡಿಭಾಗಗಳನ್ನು ಕಡೆಯುವ ಕಾರ್ಯಾಗಾರಗಳೂ ಉಳ್ಳ ಶಿವಮೊಗ್ಗ, ಇವೆರಡರ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಇವುಗಳ ನೆರೆಯಲ್ಲಿ ಪಾಠ ಹೇಳುವ ನಮಗೆ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಆ ಸಾಂಕ್ರಾಮಿಕ ಕಳೆದು ವರ್ಷಗಳಾದರೂ ವಿದ್ಯಾರ್ಥಿಗಳು ಇದನ್ನು ಕೇಳುವುದುಂಟು. ಮುಂದೆ ಇಂತಹ ಮತ್ತೊಂದು ರೋಗ ಬಂದಾಗ ನಮ್ಮ ಕೈಲಾದ ಕೆಲಸ ಯಾವುದು ಎಂಬುದನ್ನು ಶಾಂತವಾದ ಕಾಲದಲ್ಲಿಯೇ ಯೋಚಿಸಿಟ್ಟುಕೊಳ್ಳುವುದು ಮೇಲು.

ಪ್ರಕೃತ ಲೇಖನದಲ್ಲಿ ಶ್ವಾಸಯಂತ್ರವು ಮಾಡಬೇಕಾದ ಕೆಲಸವೇನು, ಅದನ್ನು ಅಗ್ಗವಾಗಿ ಮಾಡಲು ಹಿಂದೆಯೂ ಇತ್ತೀಚೆಗೂ ನಡೆದ ಪ್ರಯತ್ನಗಳಾವುವು, ಅವು ಎಲ್ಲಿ ಫಲಿಸಿದವು, ಎಲ್ಲಿ ಸೋತವು ಎಂಬುದನ್ನು ವಿಚಾರಿಸುತ್ತೇವೆ. ನಮ್ಮ ನಿರ್ಣಯವನ್ನು ಮೊದಲೇ ಸೂಚಿಸುವುದಾದರೆ ಅದು ಇಷ್ಟು: ಗಾಳಿಯನ್ನು ಒಳಕ್ಕೆ ಊದುವ ಯಂತ್ರವನ್ನು ಮಾಡುವುದು ಸುಲಭ, ಶ್ವಾಸಕೋಶವನ್ನು ಕೆಡಿಸದಂತೆ ಊದುವ ಯಂತ್ರವನ್ನು ಮಾಡುವುದು ಕಷ್ಟ, ನಮ್ಮ ಊರುಗಳು ನೀಡಬಹುದಾದ ದೊಡ್ಡ ನೆರವು ಬಹುಮಟ್ಟಿಗೆ ಯಂತ್ರದಲ್ಲಿಲ್ಲ, ಬೇರೆ ಕಡೆಯಲ್ಲಿದೆ.

೧. ಎರಡು ಬಗೆಯ ತಿದಿ

ಕಮ್ಮಾರನ ತಿದಿಯ ಕೆಲಸ ನಮ್ಮ ಓದುಗರಿಗೆ ತಿಳಿದೇ ಇದೆ. ಅದರ ಮೇಲ್ಹಲಗೆಯನ್ನು ಎತ್ತಿದಾಗ ಒಳಗಿನ ಅವಕಾಶ ಹಿಗ್ಗಿ ಹೊರಗಿನ ಗಾಳಿ ತಾನಾಗಿಯೇ ಒಳಕ್ಕೆ ಬರುತ್ತದೆ. ಹಲಗೆಯನ್ನು ಅದುಮಿದಾಗ ಆ ಗಾಳಿ ಕೊಳವೆಯ ಮೂಲಕ ಒಲೆಗೆ ಹೋಗುತ್ತದೆ. ನಮ್ಮ ಎದೆಗೂಡು ಇವೆರಡರಲ್ಲಿ ಮೊದಲನೆಯ ಕ್ರಿಯೆಯನ್ನು ಅವಲಂಬಿಸಿದೆ. ವಪೆಯು ಕೆಳಕ್ಕಿಳಿದು ಪಕ್ಕೆಲುಬುಗಳು ಮೇಲಕ್ಕೆದ್ದಾಗ ಎದೆಗೂಡು ಹಿಗ್ಗುತ್ತದೆ. ಗಾಳಿಗೂಡುಗಳಲ್ಲಿನ ಒತ್ತಡವು ಹೊರಗಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರು ನೀರಿನಷ್ಟು ತಗ್ಗುತ್ತದೆ. ಇಷ್ಟು ಅತ್ಯಲ್ಪವಾದ ಒತ್ತಡದ ವ್ಯತ್ಯಾಸವೇ ಗಾಳಿಯನ್ನು ಒಳಕ್ಕೆ ಸೆಳೆಯಲು ಸಾಕು. ಆರೋಗ್ಯವಂತನಾದ ವಯಸ್ಕನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ೧೨ರಿಂದ ೧೬ ಸಲ, ಪ್ರತಿಸಲವೂ ಸುಮಾರು ೫೦೦ ಮಿಲಿಲೀಟರು ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತಾನೆ. ಅಂದರೆ ನಿಮಿಷಕ್ಕೆ ೬ರಿಂದ ೮ ಲೀಟರು.

ಇಂದಿನ ಶ್ವಾಸಯಂತ್ರಗಳು ಇದಕ್ಕೆ ವಿರುದ್ಧವಾದ ಕ್ರಮದಲ್ಲಿ ಕೆಲಸಮಾಡುತ್ತವೆ. ಅವು ತಿದಿಯ ಎರಡನೆಯ ಕ್ರಿಯೆಯಂತೆ ಗಾಳಿಯನ್ನು ನೂಕುತ್ತವೆ. ಹೀಗೆ ನೂಕಿದಾಗ ಶ್ವಾಸಕೋಶವು ಎಷ್ಟು ಹಿಗ್ಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಒತ್ತಡವನ್ನು ಒಂದು ಸೆಂಟಿಮೀಟರು ನೀರಿನಷ್ಟು ಹೆಚ್ಚಿಸಿದಾಗ ಒಳಹೋಗುವ ಗಾಳಿಯ ಗಾತ್ರವನ್ನು ಶ್ವಾಸಕೋಶದ ನಮ್ಯತೆ ಎಂದು ಕರೆಯೋಣ. ಆರೋಗ್ಯವಂತನಲ್ಲಿ ಈ ನಮ್ಯತೆ ೬೦ ಮಿಲಿಲೀಟರು ಎಂದಿಟ್ಟುಕೊಂಡರೆ, ರೋಗದಿಂದ ಗಾಳಿಗೂಡುಗಳಲ್ಲಿ ದ್ರವ ತುಂಬಿ ಬಿರುಸಾದ ಶ್ವಾಸಕೋಶದಲ್ಲಿ ಅದು ೨೫ಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯಬಹುದು. ೪೦೦ ಮಿಲಿಲೀಟರು ಗಾಳಿಯನ್ನು ಒಳಗೆ ಹಾಕಲು ಮೊದಲನೆಯವನಿಗೆ ಸುಮಾರು ೭ ಸೆಂಟಿಮೀಟರು ಒತ್ತಡ ಸಾಕು. ಎರಡನೆಯವನಿಗೆ ೧೬ ಬೇಕು.

ಇದಕ್ಕೆ ಮತ್ತೊಂದು ಅಂಶವನ್ನು ಸೇರಿಸಬೇಕು. ರೋಗಗ್ರಸ್ತವಾದ ಗಾಳಿಗೂಡುಗಳು ನಿಶ್ವಾಸದ ಕೊನೆಯಲ್ಲಿ ಒದ್ದೆಯಾದ ಕಾಗದದ ಚೀಲದಂತೆ ಅಂಟಿಕೊಂಡುಬಿಡುತ್ತವೆ. ಅವುಗಳನ್ನು ಪ್ರತಿಸಲವೂ ಬಿಡಿಸಿ ತೆರೆಯುವುದರಿಂದ ಅಂಗಾಂಶಕ್ಕೆ ಪೆಟ್ಟು ತಗಲುತ್ತದೆ. ಆದುದರಿಂದ ನಿಶ್ವಾಸದ ಕೊನೆಯಲ್ಲಿಯೂ ಸ್ವಲ್ಪ ಒತ್ತಡವನ್ನು ಉಳಿಸಿಕೊಂಡಿರಬೇಕು. ಆಸ್ಪತ್ರೆಯಲ್ಲಿ ಇದನ್ನು ಪೀಪ್ ಎನ್ನುತ್ತಾರೆ. ನಾವು ಶೇಷ ಒತ್ತಡ ಎನ್ನೋಣ. ಶೇಷ ಒತ್ತಡ ೧೦ ಸೆಂಟಿಮೀಟರು ಎಂದಿಟ್ಟರೆ, ಮೇಲಿನ ರೋಗಿಯಲ್ಲಿ ಉಚ್ಛ್ವಾಸದ ಕೊನೆಯ ಒತ್ತಡ ೧೬ ಮತ್ತು ೧೦ ಕೂಡಿ ೨೬ ಆಗುತ್ತದೆ. ವೈದ್ಯರು ಸಾಮಾನ್ಯವಾಗಿ ಒಪ್ಪುವ ಮೇರೆ ೩೦. ಅದೇ ರೋಗಿಗೆ ೪೦೦ರ ಬದಲು ೬೦೦ ಮಿಲಿಲೀಟರು ಊದಿದೆವಾದರೆ ಒತ್ತಡ ೩೪ಕ್ಕೆ ಏರಿ ಮೇರೆ ಮೀರುತ್ತದೆ. ಇನ್ನೂರು ಮಿಲಿಲೀಟರೆಂದರೆ ಒಂದು ಲೋಟದಷ್ಟು ಗಾಳಿ. ಆ ಒಂದು ಲೋಟದ ಹೆಚ್ಚುಕಡಮೆಯಲ್ಲಿ ರೋಗಿಯ ಹಿತವೂ ಅಹಿತವೂ ಅಡಗಿವೆ.

ಇದು ಊಹೆಯ ಮಾತಲ್ಲ. ೨೦೦೦ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ತೀವ್ರ ಶ್ವಾಸರೋಗದ ೮೬೧ ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೧೨ ಮಿಲಿಲೀಟರು, ಇನ್ನೊಂದಕ್ಕೆ ೬ ಮಿಲಿಲೀಟರು ಗಾಳಿಯನ್ನು ಗುರಿಯಾಗಿಟ್ಟು ನೀಡಿದರು. ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೩೯.೮ ಮಂದಿ, ಎರಡನೆಯದರಲ್ಲಿ ನೂರಕ್ಕೆ ೩೧ ಮಂದಿ ಮೃತರಾದರು. ಯಂತ್ರ ಅದೇ, ಔಷಧ ಅದೇ. ಊದಿದ ಗಾಳಿಯ ಅಳತೆ ಮಾತ್ರ ಬೇರೆ. ಇಲ್ಲಿ ತೂಕವೆಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕಹಾಕಿದ ತೂಕ. ಆ ಲೆಕ್ಕದ ಪ್ರಕಾರ ೧೭೦ ಸೆಂಟಿಮೀಟರು ಎತ್ತರದ ಪುರುಷನಿಗೆ ಸಲ್ಲುವುದು ಸುಮಾರು ೩೯೬ ಮಿಲಿಲೀಟರು. ೧೫೫ ಸೆಂಟಿಮೀಟರು ಎತ್ತರದ ಸ್ತ್ರೀಗೆ ಸುಮಾರು ೨೮೭. ಇಬ್ಬರಿಗೂ ಅರ್ಧ ಅರ್ಧ ಲೀಟರು ಊದುವ ಯಂತ್ರ ಇಬ್ಬರಿಗೂ ಅಪಾಯಕಾರಿ.

೨. ಹಿಂದಿನ ಪ್ರಯತ್ನಗಳು

ಸಾಂಕ್ರಾಮಿಕದ ಒತ್ತಾಯದಲ್ಲಿ ಅಗ್ಗದ ಯಂತ್ರಗಳನ್ನು ಹುಡುಕಿದುದು ಇದೇ ಮೊದಲಲ್ಲ. ಹಿಂದಿನ ಶತಮಾನದ ಪೂರ್ವಾರ್ಧದಲ್ಲಿ ಪೋಲಿಯೋ ರೋಗವು ಉಸಿರಾಟದ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸಿ ಅನೇಕರನ್ನು ಕೊಲ್ಲುತ್ತಿತ್ತು. ೧೯೨೮ರಲ್ಲಿ ಹಾರ್ವರ್ಡಿನ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಷಾ ಎಂಬವರು ರೋಗಿಯ ತಲೆಯೊಂದನ್ನು ಬಿಟ್ಟು ಮಿಕ್ಕ ದೇಹವನ್ನೆಲ್ಲ ಒಂದು ಉಕ್ಕಿನ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯ ಗಾಳಿಯನ್ನು ಲಯಬದ್ಧವಾಗಿ ಹೊರಕ್ಕೆಳೆದು ಎದೆಯನ್ನು ಹಿಗ್ಗಿಸುವ ಯಂತ್ರವನ್ನು ರಚಿಸಿದರು. ಕಬ್ಬಿಣದ ಶ್ವಾಸಕೋಶವೆಂದು ಜನ ಕರೆದ ಈ ಯಂತ್ರಕ್ಕೆ ಬೆಲೆ ಬಹಳ. ೧೯೩೧ರಲ್ಲಿ ಜಾನ್ ಎಮರ್ಸನ್ ಅದನ್ನು ಸರಳಗೊಳಿಸಿ ಬೆಲೆಯನ್ನು ಇಳಿಸಿದನು. ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ೧೯೩೭ರಲ್ಲಿ ಪೋಲಿಯೋ ಹರಡಿದಾಗ ಎಡ್ವರ್ಡ್ ಬೋತ್ ಎಂಬಾತನು ಉಕ್ಕನ್ನೇ ಬಿಟ್ಟು ಪ್ಲೈವುಡ್ ಹಲಗೆಯಿಂದ ಪೆಟ್ಟಿಗೆಯನ್ನು ಮಾಡಿದನು. ಮರುವರ್ಷ ಇಂಗ್ಲೆಂಡಿನಲ್ಲಿ ಲಾರ್ಡ್ ನಫೀಲ್ಡನು ತನ್ನ ಮೋಟಾರು ಕಾರಿನ ಕಾರ್ಖಾನೆಯ ಒಂದು ಭಾಗವನ್ನು ಈ ಕೆಲಸಕ್ಕೆ ಬಿಟ್ಟು, ಸುಮಾರು ೧,೭೦೦ ಪೆಟ್ಟಿಗೆಗಳನ್ನು ಮಾಡಿಸಿ ಆಸ್ಪತ್ರೆಗಳಿಗೆ ದಾನವಾಗಿ ಕಳುಹಿಸಿದನು. ಬಡಗಿಯ ಹಲಗೆಯೂ ಕಾರಿನ ಕಾರ್ಖಾನೆಯೂ ವೈದ್ಯಕ್ಕೆ ಒದಗಿದ ಉದಾಹರಣೆಯಿದು.

ಆದರೆ ಈ ಚರಿತ್ರೆಯಲ್ಲಿ ಹೆಚ್ಚು ಬೋಧಪ್ರದವಾದ ಘಟನೆ ೧೯೫೨ರ ಕೋಪನ್‌ಹೇಗನ್ ನಗರದ್ದು. ಆ ವರ್ಷ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಬ್ಲೆಗ್‌ಡಾಮ್ ಆಸ್ಪತ್ರೆಗೆ ಉಸಿರಾಡಲಾರದ ಪೋಲಿಯೋ ರೋಗಿಗಳು ಸಾಲಾಗಿ ಬಂದರು. ಆಸ್ಪತ್ರೆಯಲ್ಲಿದ್ದ ದೊಡ್ಡ ಪೆಟ್ಟಿಗೆ ಒಂದು; ಎದೆಗೆ ಮಾತ್ರ ತೊಡಿಸುವ ಚಿಕ್ಕವು ಆರು. ಮೊದಲ ಮೂರು ವಾರಗಳಲ್ಲಿ ಇವುಗಳ ನೆರವು ಪಡೆದ ೩೧ ಮಂದಿಯಲ್ಲಿ ೨೭ ಮಂದಿ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನು, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತಾನು ದಿನವೂ ಮಾಡುತ್ತಿದ್ದುದನ್ನೇ ಇಲ್ಲಿಯೂ ಮಾಡಬಹುದೆಂದು ಸೂಚಿಸಿದನು: ಗಂಟಲಿನಲ್ಲಿ ರಂಧ್ರ ಮಾಡಿ ಕೊಳವೆಯನ್ನಿಟ್ಟು, ರಬ್ಬರು ಚೀಲವೊಂದನ್ನು ಕೈಯಿಂದ ಹಿಸುಕಿ ಗಾಳಿಯನ್ನು ನೂಕುವುದು. ಯಂತ್ರವಿರಲಿಲ್ಲ, ಸುಮಾರು ೧,೫೦೦ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು, ತಿಂಗಳುಗಟ್ಟಲೆ ಚೀಲ ಹಿಸುಕಿದರು. ಮರಣಪ್ರಮಾಣವು ನೂರಕ್ಕೆ ೮೭ರಿಂದ ೪೦ರ ಸುಮಾರಿಗೆ ಇಳಿಯಿತು. ಮಾನವ ಹಸ್ತವೇ ಆಗ ಅತ್ಯಂತ ಅಗ್ಗವಾದ ಶ್ವಾಸಯಂತ್ರವಾಗಿತ್ತು. ಆ ಹಸ್ತಕ್ಕೆ ಕಣ್ಣೂ ವಿವೇಕವೂ ಜೊತೆಗಿದ್ದವು. ರೋಗಿಯ ಮುಖ ನೋಡಿ, ತುಟಿಯ ಬಣ್ಣ ನೋಡಿ, ಚೀಲದ ಬಿಗಿ ನೋಡಿ ವಿದ್ಯಾರ್ಥಿಯು ತನ್ನ ಹಿಸುಕನ್ನು ತಿದ್ದಿಕೊಳ್ಳುತ್ತಿದ್ದನು. ಈ ಅಂಶವನ್ನು ಮುಂದೆ ಮರೆಯಬಾರದು.

ಆ ದಶಕದಲ್ಲಿಯೇ ಡೆನ್ಮಾರ್ಕಿನ ಹೆನ್ನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ಎಂಬವರು, ಹಿಸುಕಿದ ಮೇಲೆ ತಾನಾಗಿಯೇ ಉಬ್ಬಿಕೊಳ್ಳುವ ಚೀಲವನ್ನು ರಚಿಸಿದರು. ಇಂದು ಎಲ್ಲ ಆಂಬುಲೆನ್ಸುಗಳಲ್ಲಿಯೂ ಕಾಣುವ ಆಂಬು ಚೀಲ ಇದೇ.

೩. ಚೀಲ ಹಿಸುಕುವ ತೋಳು, ಗುಳ್ಳೆ ಬಿಡುವ ಸೀಸೆ

೨೦೨೦ರಲ್ಲಿ ಲೋಕದ ಎಲ್ಲೆಡೆಯೂ ತೋರಿದ ಅಗ್ಗದ ಮಾದರಿಗಳಲ್ಲಿ ಬಹುಪಾಲು ಈ ಆಂಬು ಚೀಲವನ್ನೇ ಆಧರಿಸಿದ್ದವು. ಕೈಯ ಬದಲು ಎರಡು ತೋಳುಗಳು. ತೋಳುಗಳನ್ನು ಆಡಿಸಲು ಕಾರಿನ ಗಾಜು ಒರೆಸುವ ಮೋಟಾರು ಅಥವಾ ಅಂತಹುದೇ ಒಂದು ಚಾಲಕ. ವೇಗವನ್ನು ನಿಯಂತ್ರಿಸಲು ಚಿಕ್ಕದೊಂದು ವಿದ್ಯುನ್ಮಂಡಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ೨೦೧೦ರಲ್ಲಿಯೇ ಇಂತಹುದನ್ನು ರಚಿಸಿದ್ದರು. ೨೦೨೦ರಲ್ಲಿ ಆ ಸಂಸ್ಥೆಯು ಅದನ್ನು ಮತ್ತೆ ಕೈಗೆತ್ತಿಕೊಂಡು ವಿವರಗಳನ್ನು ಎಲ್ಲರಿಗೂ ಪ್ರಕಟಿಸಿತು. ನಮ್ಮ ದೇಶದಲ್ಲಿಯೂ ಮೋಟಾರು ವಾಹನದ ತಯಾರಕರು ಇದೇ ಜಾಡಿನಲ್ಲಿ ಮಾದರಿಗಳನ್ನು ಮಾಡಿದರು. ಯಾವ ಕಾರ್ಯಾಗಾರದಲ್ಲಾದರೂ ನಾಲ್ಕಾರು ದಿನಗಳಲ್ಲಿ ಇದನ್ನು ನಿಲ್ಲಿಸಿ ತೋರಿಸಬಹುದು. ಆಕರ್ಷಣೆಗೆ ಕಾರಣವೂ ಅದೇ.

ಇದರ ದೋಷಗಳನ್ನು ನೋಡೋಣ. ಮೊದಲನೆಯದು, ಚೀಲದ ಆಯುಸ್ಸು. ನಿಮಿಷಕ್ಕೆ ೨೦ ಸಲದಂತೆ ಹಿಸುಕಿದರೆ ದಿನಕ್ಕೆ ೨೮,೮೦೦ ಸಲವಾಯಿತು; ಹತ್ತು ದಿನಕ್ಕೆ ಎರಡು ಲಕ್ಷ ಎಂಬತ್ತೆಂಟು ಸಾವಿರ. ಕೆಲವು ನಿಮಿಷಗಳ ತುರ್ತಿಗೆಂದು ಮಾಡಿದ ಚೀಲವು ಇಷ್ಟನ್ನು ತಾಳುವುದೆಂದು ನಂಬುವಂತಿಲ್ಲ. ಎರಡನೆಯದು, ತೋಳು ಎಷ್ಟು ದೂರ ಚಲಿಸಿತು ಎಂಬುದು ಗೊತ್ತೇ ಹೊರತು ಎಷ್ಟು ಗಾಳಿ ರೋಗಿಗೆ ತಲುಪಿತು ಎಂಬುದು ಗೊತ್ತಾಗುವುದಿಲ್ಲ. ಕೊಳವೆ ಸೋರಿದರೂ, ಕಫ ಕಟ್ಟಿದರೂ ತೋಳು ತನ್ನ ಪಾಡಿಗೆ ತಾನು ಆಡುತ್ತಲೇ ಇರುತ್ತದೆ. ಮೂರನೆಯದು, ರೋಗಿ ತಾನೇ ಉಸಿರೆಳೆಯಲು ಹವಣಿಸಿದಾಗ ಯಂತ್ರ ಅದನ್ನು ಅರಿಯದೆ ವಿರುದ್ಧ ಹೊತ್ತಿನಲ್ಲಿ ಊದುತ್ತದೆ. ಕೋಪನ್‌ಹೇಗನ್ನಿನ ವಿದ್ಯಾರ್ಥಿಯ ಕೈಯನ್ನು ಯಂತ್ರಕ್ಕೆ ಕೊಟ್ಟೆವು. ಅವನ ಕಣ್ಣನ್ನು ಕೊಡಲಿಲ್ಲ.

ಎರಡನೆಯ ಮಾರ್ಗ ಇನ್ನೂ ಸರಳವಾದುದು. ತಾನಾಗಿ ಉಸಿರಾಡಬಲ್ಲ ರೋಗಿಗೆ ಆಮ್ಲಜನಕವನ್ನು ಕೊಟ್ಟು, ನಿಶ್ವಾಸದ ಕೊಳವೆಯ ತುದಿಯನ್ನು ನೀರಿನ ಸೀಸೆಯಲ್ಲಿ ಮುಳುಗಿಸುವುದು. ತುದಿಯು ೫ ಸೆಂಟಿಮೀಟರು ಆಳದಲ್ಲಿದ್ದರೆ ಹೊರಬೀಳುವ ಗಾಳಿ ೫ ಸೆಂಟಿಮೀಟರು ನೀರಿನ ಒತ್ತಡವನ್ನು ದಾಟಿಯೇ ಗುಳ್ಳೆಯಾಗಬೇಕು. ಹೀಗೆ ಶೇಷ ಒತ್ತಡವು ಯಾವ ವಿದ್ಯುತ್ತೂ ಇಲ್ಲದೆ, ಅಳತೆಪಟ್ಟಿಯೊಂದರ ಸಹಾಯದಿಂದ ದೊರೆಯುತ್ತದೆ. ಬಾಂಗ್ಲಾದೇಶದ ಢಾಕಾ ನಗರದಲ್ಲಿ ಡಾ. ಮೊಹಮ್ಮದ್ ಜೋಬಾಯರ್ ಚಿಸ್ತಿ ಅವರು ಖಾಲಿಯಾದ ಶಾಂಪೂ ಸೀಸೆಯನ್ನು ಬಳಸಿ ಮಕ್ಕಳ ನ್ಯುಮೋನಿಯಾಕ್ಕೆ ಈ ಕ್ರಮವನ್ನು ಪರೀಕ್ಷಿಸಿದರು. ೨೦೧೫ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ, ಗುಳ್ಳೆಯ ಸೀಸೆಯ ಚಿಕಿತ್ಸೆ ಪಡೆದ ೭೯ ಮಕ್ಕಳಲ್ಲಿ ೩ ಮಕ್ಕಳೂ, ಸಾಧಾರಣ ಕ್ರಮದಲ್ಲಿ ಆಮ್ಲಜನಕ ಪಡೆದ ೬೭ ಮಕ್ಕಳಲ್ಲಿ ೧೦ ಮಕ್ಕಳೂ ಸತ್ತರು. ಅಗ್ಗದ ಉಪಾಯವೆಂದರೆ ಹೀಗಿರಬೇಕು: ಕೆಡುವ ಭಾಗಗಳು ಕಡಮೆ, ಕೆಲಸ ನಡೆಯುತ್ತಿದೆಯೆಂಬುದು ಗುಳ್ಳೆಗಳಿಂದ ಕಣ್ಣಿಗೇ ಕಾಣುತ್ತದೆ, ಅದು ನಿಂತುಹೋದರೂ ರೋಗಿಯ ಸ್ವಂತ ಉಸಿರು ನಿಲ್ಲುವುದಿಲ್ಲ. ಆದರೂ ಅದನ್ನು ಅನುಭವಿ ವೈದ್ಯರೂ ದಾದಿಯರೂ ಇರುವ ಆಸ್ಪತ್ರೆಯಲ್ಲಿ ಪರೀಕ್ಷಿಸಿದರು ಎಂಬುದನ್ನು ಗಮನಿಸಬೇಕು.

೪. ಕರ್ನಾಟಕದಲ್ಲಿ ನಡೆದ ಕೆಲಸ

ಚೀಲವನ್ನು ಬಿಟ್ಟು ನಿಜವಾದ ಶ್ವಾಸಯಂತ್ರವನ್ನೇ ಸ್ವದೇಶದ ಸಾಮಗ್ರಿಗಳಿಂದ ರಚಿಸುವ ಯತ್ನಗಳೂ ನಮ್ಮ ರಾಜ್ಯದಲ್ಲಿ ನಡೆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ೨೦೨೦ರಲ್ಲಿ ಪ್ರಾಣ ಎಂಬ ಹೆಸರಿನ ಯೋಜನೆಯನ್ನು ಕೈಗೊಂಡರು. ಹೊರದೇಶದಿಂದ ಬರಬೇಕಾದ ಭಾಗಗಳು ಲಾಕ್‌ಡೌನಿನಿಂದ ನಿಂತುಹೋಗಿದ್ದುದರಿಂದ, ದೇಶದಲ್ಲಿ ಹೇರಳವಾಗಿ ದೊರೆಯುವ ವಸ್ತುಗಳನ್ನೇ ಅವರು ಆರಿಸಿದರು: ನೀರು ಶುದ್ಧಿಮಾಡುವ ಯಂತ್ರದ ತೊಟ್ಟಿ, ಮೋಟಾರು ವಾಹನಗಳಲ್ಲಿ ಗಾಳಿಯನ್ನು ಅಳೆಯುವ ಸಂವೇದಕ ಮುಂತಾದುವು. ಆಮ್ಲಜನಕದ ಪ್ರಮಾಣ, ಗಾಳಿಯ ಗಾತ್ರ, ಒತ್ತಡ ಇವುಗಳನ್ನು ಅಳೆದು ತಿದ್ದಿಕೊಳ್ಳುವ ಯಂತ್ರವೊಂದರ ಮಾದರಿ ಹೀಗೆ ಸಿದ್ಧವಾಯಿತು. ಅದರ ವಿವರಗಳನ್ನು ಮುಕ್ತವಾಗಿಟ್ಟರು.

ಇನ್ನೊಂದು ಕಡೆ, ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ, ರಕ್ಷಣಾ ಸಂಶೋಧನಾ ಸಂಸ್ಥೆಯ ನೆರವಿನೊಡನೆ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ೩೦,೦೦೦ ಯಂತ್ರಗಳನ್ನು ತಯಾರಿಸುವ ಆದೇಶವನ್ನು ಪಡೆದು ಆ ವರ್ಷವೇ ಉತ್ಪಾದನೆಗೆ ತೊಡಗಿತು. ರಾಡಾರುಗಳನ್ನು ಮಾಡುವ ಕಾರ್ಖಾನೆಗೂ ತೊಡಕಾದುದು ಯಂತ್ರದ ಪೆಟ್ಟಿಗೆಯಲ್ಲ. ಗಾಳಿಯ ಹರಿವನ್ನು ಕೂದಲೆಳೆಯಷ್ಟು ತಿದ್ದುವ ಪುಟ್ಟ ಕವಾಟಗಳು ಮತ್ತು ಸಂವೇದಕಗಳು. ಅವು ಬಹುಮಟ್ಟಿಗೆ ಹೊರದೇಶದಿಂದ ಬರುತ್ತಿದ್ದವು. ಎಲ್ಲ ದೇಶಗಳೂ ಒಂದೇ ಸಮಯಕ್ಕೆ ಅವನ್ನು ಬೇಡುತ್ತಿದ್ದವು.

ಈ ಎರಡು ಉದಾಹರಣೆಗಳಿಂದ ನಾವು ಕಲಿಯಬೇಕಾದುದು ಸ್ಪಷ್ಟವಾಗಿದೆ. ಎರಕ ಹೊಯ್ಯುವುದರಲ್ಲಿ, ಕಡೆಯುವುದರಲ್ಲಿ ನಮ್ಮ ಊರಿನ ಕುಶಲಿಗಳು ಯಾರಿಗೂ ಕಡಮೆಯಲ್ಲ. ಆದರೆ ಶ್ವಾಸಯಂತ್ರದ ಕಷ್ಟವು ಕಬ್ಬಿಣದಲ್ಲಿಲ್ಲ. ಅದು ಕೆಲವು ಗ್ರಾಮು ತೂಕದ ಕವಾಟದಲ್ಲಿದೆ, ಅದನ್ನು ಆಳುವ ಲೆಕ್ಕದಲ್ಲಿದೆ, ಒತ್ತಡ ಮೀರಿದಾಗ ಅಥವಾ ಕೊಳವೆ ಕಳಚಿದಾಗ ಕೂಗುವ ಎಚ್ಚರಿಕೆಯ ಗಂಟೆಯಲ್ಲಿದೆ.

೫. ಏನೂ ಇಲ್ಲದುದಕ್ಕಿಂತ ಏನೋ ಒಂದು ಮೇಲಲ್ಲವೆ?

ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ತರುತ್ತಾರೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೆ? ಯಂತ್ರ ಅಪೂರ್ಣವಾದರೂ, ಸಾಯುವ ರೋಗಿಗೆ ಅದನ್ನು ಜೋಡಿಸಿದರೆ ನಷ್ಟವೇನು? ಈ ಮಾತಿನಲ್ಲಿ ಮಾನವೀಯತೆ ಇದೆ. ಆದುದರಿಂದಲೇ ಇದನ್ನು ತಾಳ್ಮೆಯಿಂದ ಪರಿಶೀಲಿಸಬೇಕು.

ಶ್ವಾಸಯಂತ್ರವನ್ನು ಜೋಡಿಸುವುದಕ್ಕೆ ಮೊದಲು ರೋಗಿಯ ಶ್ವಾಸನಾಳದಲ್ಲಿ ಕೊಳವೆಯನ್ನು ಇಳಿಸಬೇಕು. ಅದಕ್ಕಾಗಿ ಅವನಿಗೆ ಪ್ರಜ್ಞೆ ತಪ್ಪಿಸುವ ಔಷಧವನ್ನೂ, ಅನೇಕ ವೇಳೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧವನ್ನೂ ಕೊಡುತ್ತಾರೆ. ಅಂದರೆ, ಅದುವರೆಗೆ ಕಷ್ಟಪಟ್ಟಾದರೂ ನಡೆಯುತ್ತಿದ್ದ ಅವನ ಸ್ವಂತ ಉಸಿರನ್ನು ನಾವೇ ನಿಲ್ಲಿಸಿ, ಅದರ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸುತ್ತೇವೆ. ಆಮೇಲೆ ಯಂತ್ರ ನಿಂತರೆ ಹಿಂತಿರುಗುವ ದಾರಿ ಕೆಲವು ನಿಮಿಷಗಳಷ್ಟು ಕಿರಿದು. ಹೀಗಿರಲು, ಹೋಲಿಕೆಯು ಯಂತ್ರಕ್ಕೂ ಶೂನ್ಯಕ್ಕೂ ಅಲ್ಲ. ಅಪೂರ್ಣ ಯಂತ್ರಕ್ಕೂ, ಮುಖಕವಚದ ಮೂಲಕ ಆಮ್ಲಜನಕ ಪಡೆಯುತ್ತ ತಾನಾಗಿ ಉಸಿರಾಡುವ ರೋಗಿಗೂ ನಡುವಣ ಹೋಲಿಕೆ ಅದು. ಅನೇಕ ಸಂದರ್ಭಗಳಲ್ಲಿ ಎರಡನೆಯದೇ ಮೇಲು.

ಇದಲ್ಲದೆ, ಅಗ್ಗದ ಉಪಾಯಗಳಲ್ಲಿ ಅತ್ಯಂತ ಫಲಕಾರಿಯಾದ ಕೆಲವಕ್ಕೆ ಯಂತ್ರವೇ ಬೇಕಿಲ್ಲವೆಂಬುದು ಆ ಹೊತ್ತಿಗೆ ಸಿದ್ಧವಾಗತೊಡಗಿತ್ತು. ತೀವ್ರ ರೋಗಿಯನ್ನು ದಿನದ ಬಹುಭಾಗ ಬೋರಲಾಗಿ ಮಲಗಿಸಿದರೆ ಶ್ವಾಸಕೋಶದ ಹಿಂಭಾಗದ ಗಾಳಿಗೂಡುಗಳು ತೆರೆದುಕೊಳ್ಳುತ್ತವೆ. ೨೦೧೩ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯೊಂದರಲ್ಲಿ, ಶ್ವಾಸಯಂತ್ರದ ಮೇಲಿದ್ದ ರೋಗಿಗಳನ್ನು ಹೀಗೆ ಮಲಗಿಸಿದುದರಿಂದ ೨೮ ದಿನಗಳೊಳಗಿನ ಮರಣವು ನೂರಕ್ಕೆ ೩೨.೮ರಿಂದ ೧೬ಕ್ಕೆ ಇಳಿದಿತ್ತು. ಹಾಗೆಯೇ ೨೦೨೦ರಲ್ಲಿ ಬ್ರಿಟನ್ನಿನ ಪರೀಕ್ಷೆಯು, ಹಳೆಯದೂ ಅಗ್ಗವೂ ಆದ ಡೆಕ್ಸಾಮೆಥಸೋನ್ ಔಷಧವು ಶ್ವಾಸಯಂತ್ರದ ಮೇಲಿದ್ದ ಕೋವಿಡ್ ರೋಗಿಗಳ ಮರಣವನ್ನು ಮೂರರಲ್ಲೊಂದು ಭಾಗದಷ್ಟು ತಗ್ಗಿಸುತ್ತದೆಂದು ತೋರಿಸಿತು. ರೋಗಿಯನ್ನು ಮಗ್ಗುಲು ತಿರುಗಿಸಲು ನಾಲ್ಕೈದು ಜನರ ತರಬೇತಾದ ಕೈಗಳು ಬೇಕು. ಶ್ವಾಸಯಂತ್ರದ ಕೊರತೆಗಿಂತ ಅದನ್ನು ನಡೆಸಬಲ್ಲ ದಾದಿಯರ, ತಂತ್ರಜ್ಞರ ಕೊರತೆಯೇ ದೊಡ್ಡದೆಂಬುದು ಇಲ್ಲಿಯೂ ಎದ್ದು ಕಾಣುತ್ತದೆ.

೬. ಬೆಂಕಿಪುರದ ಪಾಲು

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಅ ಕಬ್ಬಿಣದ ಕಾರ್ಖಾನೆಯ ಯೋಜನೆ ಕೈಗೂಡತೊಡಗಿದುದು ೧೯೧೮ರಲ್ಲಿ. ಉತ್ಪಾದನೆ ಮೊದಲಾದುದು ೧೯೨೩ರಲ್ಲಿ. ೧೯೧೮ರಲ್ಲಿಯೇ ಇನ್‌ಫ್ಲುಯೆಂಜಾ ರೋಗವು ಮೈಸೂರು ಸಂಸ್ಥಾನವನ್ನೂ ಹೊಕ್ಕಿತ್ತು. ಆಗ ಕಬ್ಬಿಣಕ್ಕೂ ಉಸಿರಿಗೂ ಸಂಬಂಧ ಕಲ್ಪಿಸುವಂತಿರಲಿಲ್ಲ. ಆ ಸಂಬಂಧವನ್ನು ತಂದುದು ಉಕ್ಕಿನ ತಯಾರಿಕೆಯಲ್ಲಾದ ಒಂದು ಬದಲಾವಣೆ. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಚೀಲ ಹಿಸುಕುತ್ತಿದ್ದ ೧೯೫೨ರಲ್ಲಿಯೇ ಆಸ್ಟ್ರಿಯ ದೇಶದ ಲಿಂಟ್ಸ್ ನಗರದಲ್ಲಿ, ಕರಗಿದ ಕಬ್ಬಿಣದ ಮೇಲೆ ಶುದ್ಧ ಆಮ್ಲಜನಕವನ್ನು ಊದಿ ಉಕ್ಕು ಮಾಡುವ ವಿಧಾನ ಕೈಗಾರಿಕೆಯಾಗಿ ಆರಂಭವಾಯಿತು. ಎಲ್.ಡಿ. ವಿಧಾನವೆಂದು ಹೆಸರಾದ ಇದನ್ನು ಭದ್ರಾವತಿಯೂ ಮುಂದೆ ಅಳವಡಿಸಿಕೊಂಡಿತು. ಅಂದಿನಿಂದ ಉಕ್ಕಿನ ಕಾರ್ಖಾನೆಯೆಂದರೆ ಆಮ್ಲಜನಕದ ಕಾರ್ಖಾನೆಯೂ ಹೌದು. ಗಾಳಿಯನ್ನು ಅತಿಶೀತಕ್ಕೆ ಇಳಿಸಿ ದ್ರವವಾಗಿಸಿದರೆ, ಸಾರಜನಕವು ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೂ ಆಮ್ಲಜನಕವು ೧೮೩ ಡಿಗ್ರಿ ಕೆಳಗೂ ಕುದಿಯುವುದರಿಂದ ಇವೆರಡನ್ನೂ ಬೇರ್ಪಡಿಸಬಹುದು.

ಈಗ ಒಂದು ಲೆಕ್ಕವನ್ನು ಹಾಕೋಣ. ಆಸ್ಪತ್ರೆಯ ದೊಡ್ಡ ಸಿಲಿಂಡರಿನಲ್ಲಿ ಸುಮಾರು ೭,೦೦೦ ಲೀಟರು ಆಮ್ಲಜನಕವಿರುತ್ತದೆ. ನಿಮಿಷಕ್ಕೆ ೧೦ ಲೀಟರಿನಂತೆ ಬಳಸುವ ರೋಗಿಗೆ ಅದು ೭೦೦ ನಿಮಿಷ, ಎಂದರೆ ಹನ್ನೆರಡು ಗಂಟೆಗೆ ಸ್ವಲ್ಪ ಕಡಮೆ, ಬರುತ್ತದೆ. ಅಂತಹ ಹತ್ತು ಮಂದಿಗೆ ದಿನಕ್ಕೆ ೧,೪೪,೦೦೦ ಲೀಟರು, ಅಥವಾ ೨೧ ಸಿಲಿಂಡರು ಬೇಕು. ಮೂಗಿನ ಕೊಳವೆಯಿಂದ ನಿಮಿಷಕ್ಕೆ ೬೦ ಲೀಟರು ಹರಿಸುವ ಯಂತ್ರಕ್ಕೆ ಶುದ್ಧ ಆಮ್ಲಜನಕವನ್ನೇ ಕೊಟ್ಟರೆ ಒಂದು ಸಿಲಿಂಡರು ಎರಡು ಗಂಟೆಯೂ ಬಾಳುವುದಿಲ್ಲ. ಒಂದು ಟನ್ನು ದ್ರವ ಆಮ್ಲಜನಕವಾದರೋ ಅನಿಲವಾದಾಗ ಸುಮಾರು ೭೫೦ ಘನ ಮೀಟರಾಗಿ ನೂರಕ್ಕೂ ಹೆಚ್ಚು ಸಿಲಿಂಡರುಗಳನ್ನು ತುಂಬಬಲ್ಲುದು. ಶ್ವಾಸಯಂತ್ರವಿರಲಿ, ಗುಳ್ಳೆಯ ಸೀಸೆಯಿರಲಿ, ಬರಿಯ ಮುಖಕವಚವಿರಲಿ, ಎಲ್ಲಕ್ಕೂ ಮೂಲ ಈ ಅನಿಲವೇ.

ಇದರ ಅಭಾವವೆಂದರೆ ಏನೆಂಬುದು ೨೦೨೧ರ ಎರಡನೆಯ ಅಲೆಯಲ್ಲಿ ತಿಳಿಯಿತು. ಆ ವರ್ಷದ ಮೇ ೨ ಮತ್ತು ೩ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ೨೪ ಮಂದಿ ರೋಗಿಗಳು ಮೃತರಾದರು. ಬಳಿಕ ವಿಚಾರಣೆ ನಡೆಸಿದ ನ್ಯಾಯಮೂರ್ತಿಗಳ ಸಮಿತಿಯು ಆಮ್ಲಜನಕದ ಕೊರತೆಯನ್ನು ಕಾರಣವೆಂದು ಗುರುತಿಸಿತು. ಅಂದು ದುರ್ಲಭವಾದುದು ಜಾಣ್ಮೆಯ ಯಂತ್ರವಲ್ಲ. ಸಿಲಿಂಡರು, ಅದನ್ನು ತುಂಬುವ ಘಟಕ, ಅದನ್ನು ಹೊತ್ತು ತರುವ ಲಾರಿ, ಅದರ ಲೆಕ್ಕವಿಡುವ ಮನುಷ್ಯ. ಆ ಏಪ್ರಿಲ್ ತಿಂಗಳಲ್ಲಿಯೇ ಕೇಂದ್ರ ಸರ್ಕಾರವು ಕೈಗಾರಿಕೆಗಳಿಗೆ ಆಮ್ಲಜನಕ ಪೂರೈಸುವುದನ್ನು ಕೆಲವು ವಿನಾಯಿತಿಗಳೊಡನೆ ನಿಲ್ಲಿಸಿ ಅದನ್ನು ಆಸ್ಪತ್ರೆಗಳ ಕಡೆಗೆ ತಿರುಗಿಸಿತ್ತು. ಬಳ್ಳಾರಿಯ ಬಳಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿಯೇ ತಾತ್ಕಾಲಿಕ ಆಸ್ಪತ್ರೆಯನ್ನು ನಿಲ್ಲಿಸಿ, ಕೊಳವೆಯ ಮೂಲಕ ನೇರವಾಗಿ ಆಮ್ಲಜನಕವನ್ನು ಹರಿಸಿದರು. ಹೀಗೆ ಸಿಲಿಂಡರಿನ ಕೊರತೆಯೇ ತಪ್ಪಿತು. ಭದ್ರಾವತಿಯ ಕಾರ್ಖಾನೆಯ ಆವರಣದಲ್ಲಿನ ಆಮ್ಲಜನಕ ಘಟಕದಲ್ಲಿಯೂ ಆ ದಿನಗಳಲ್ಲಿ ಆಸ್ಪತ್ರೆಗಳಿಗಾಗಿ ಸಿಲಿಂಡರು ತುಂಬುವ ಕೆಲಸ ನಡೆಯಿತು. ಕುಲುಮೆಯ ಬೆಂಕಿಗೆಂದು ಕಲಿತ ವಿದ್ಯೆ ಉಸಿರಿಗೆ ಒದಗಿದ ಬಗೆ ಇದು.

ಚಿಕ್ಕ ಪ್ರಮಾಣದಲ್ಲಿ ಆಮ್ಲಜನಕವನ್ನು ಪಡೆಯುವ ಇನ್ನೊಂದು ಕ್ರಮವೂ ಉಂಟು. ಜಿಯೋಲೈಟ್ ಎಂಬ ರಂಧ್ರಮಯ ಖನಿಜವು ಒತ್ತಡದಲ್ಲಿ ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದಕ್ಕೆ ಬಿಡುತ್ತದೆ. ಒತ್ತಡವನ್ನು ಇಳಿಸಿದಾಗ ಹಿಡಿದುದನ್ನು ಬಿಟ್ಟುಕೊಡುತ್ತದೆ. ಎರಡು ಸ್ತಂಭಗಳನ್ನು ಸರದಿಯಂತೆ ನಡೆಸಿದರೆ ನೂರಕ್ಕೆ ೯೦ಕ್ಕೂ ಮೇಲ್ಪಟ್ಟ ಶುದ್ಧತೆಯ ಆಮ್ಲಜನಕ ನಿರಂತರವಾಗಿ ದೊರೆಯುತ್ತದೆ. ಆರ್ಗಾನ್ ಅನಿಲವು ಆಮ್ಲಜನಕದ ಜೊತೆಗೇ ಉಳಿದುಬಿಡುವುದರಿಂದ ಶುದ್ಧತೆ ಸುಮಾರು ೯೫ನ್ನು ಮೀರುವುದಿಲ್ಲ. ಇದರಲ್ಲಿ ಬೇಕಾದುದು ಸಂಕೋಚಕ, ತೊಟ್ಟಿ, ಕೊಳವೆ, ಸರಳವಾದ ಕವಾಟ. ನಮ್ಮ ಕಾರ್ಯಾಗಾರಗಳಿಗೆ ಪರಿಚಿತವಾದ ವಸ್ತುಗಳೇ ಇವು. ತಪ್ಪಿದರೆ ಆಗುವ ಹಾನಿಯೂ ಶ್ವಾಸಯಂತ್ರದಲ್ಲಿ ಆಗುವಷ್ಟು ತತ್‌ಕ್ಷಣದ್ದಲ್ಲ. ಆದರೂ ಆಮ್ಲಜನಕವಿದ್ದೆಡೆ ಎಣ್ಣೆ, ಗ್ರೀಸು, ಕಿಡಿ ಸುಳಿಯಬಾರದೆಂಬ ನಿಯಮವನ್ನು ಬೆಂಕಿಪುರದವರಿಗೆ ಹೇಳಿಕೊಡಬೇಕಾಗಿಲ್ಲ.

೭. ತರಗತಿಯಲ್ಲಿ ಮಾಡಬಹುದಾದ ಪರೀಕ್ಷೆ

ಯಾವುದೇ ಶ್ವಾಸಯಂತ್ರದ ಮಾದರಿಯನ್ನು ಮನುಷ್ಯನ ಬಳಿಗೆ ತರುವ ಮೊದಲು ಕೃತಕ ಶ್ವಾಸಕೋಶದ ಮೇಲೆ ಪರೀಕ್ಷಿಸುತ್ತಾರೆ. ಅದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಮಾಡಿಕೊಳ್ಳಬಹುದು. ಗೋಡೆ ಉಬ್ಬದಂತಹ ೨೦ ಲೀಟರಿನ ಗಟ್ಟಿಯಾದ ಲೋಹದ ಡಬ್ಬಿಯೊಂದನ್ನು ಬಿಗಿಯಾಗಿ ಮುಚ್ಚಿ, ಮುಚ್ಚಳದಲ್ಲಿ ಎರಡು ಕೊಳವೆಗಳನ್ನು ಕೂಡಿಸಿರಿ. ಒಂದಕ್ಕೆ ಆಂಬು ಚೀಲ, ಇನ್ನೊಂದಕ್ಕೆ ಬಣ್ಣದ ನೀರು ತುಂಬಿದ ಯು ಆಕಾರದ ಗಾಜಿನ ನಳಿಗೆ. ವಾತಾವರಣದ ಒತ್ತಡವು ಸುಮಾರು ೧,೦೦೦ ಸೆಂಟಿಮೀಟರು ನೀರಿನಷ್ಟಿರುವುದರಿಂದ, ಬಾಯ್ಲನ ನಿಯಮದಂತೆ ಒತ್ತಡವನ್ನು ಒಂದು ಸೆಂಟಿಮೀಟರು ಏರಿಸಲು ಡಬ್ಬಿಯ ಗಾತ್ರದ ಸಾವಿರದಲ್ಲೊಂದು ಭಾಗ, ಅಂದರೆ ೨೦ ಮಿಲಿಲೀಟರು ಗಾಳಿಯನ್ನು ಸೇರಿಸಬೇಕು. ಹೀಗೆ ಈ ಡಬ್ಬಿಯೇ ೨೦ ನಮ್ಯತೆಯ, ಬಿರುಸಾದ, ರೋಗಗ್ರಸ್ತ ಶ್ವಾಸಕೋಶವಾಯಿತು. ಅಂತಹ ಮೂರು ಡಬ್ಬಿಗಳನ್ನು ಕೂಡಿಸಿದರೆ ೬೦ ನಮ್ಯತೆಯ ಆರೋಗ್ಯವಂತ ಶ್ವಾಸಕೋಶ. ಗಾಳಿಯನ್ನು ಬೇಗನೆ ಅದುಮಿದಾಗ ಅದು ಬಿಸಿಯಾಗಿ ಒತ್ತಡ ಸ್ವಲ್ಪ ಹೆಚ್ಚು ತೋರುತ್ತದೆ. ಡಬ್ಬಿಯೊಳಗೆ ತಾಮ್ರದ ಸಣ್ಣ ತಂತಿಯ ಸಿಂಬೆಯನ್ನಿಟ್ಟರೆ ಆ ದೋಷ ಬಹುಮಟ್ಟಿಗೆ ಹೋಗುತ್ತದೆ.

ಈಗ ವಿದ್ಯಾರ್ಥಿಯು ೪೦೦ ಮಿಲಿಲೀಟರೆಂದು ಅಂದಾಜು ಮಾಡಿ ಚೀಲವನ್ನು ಹಿಸುಕಲಿ. ನಳಿಗೆಯ ಎರಡು ಕಡೆಯ ಮಟ್ಟಗಳ ಅಂತರವು ೨೦ ಸೆಂಟಿಮೀಟರು ತೋರಬೇಕು. ಹತ್ತು ಮಂದಿ ಹತ್ತು ಸಲ ಹಿಸುಕಿ ಅಂಕಿಗಳನ್ನು ಬರೆದಿಟ್ಟುಕೊಂಡರೆ ಮನುಷ್ಯನ ಅಂದಾಜು ಎಷ್ಟು ಚಂಚಲವೆಂಬುದು ತಿಳಿಯುತ್ತದೆ. ಅನಂತರ ಕೊಳವೆಯಲ್ಲಿ ಸೂಜಿಯ ಮೊನೆಯಷ್ಟು ರಂಧ್ರ ಮಾಡಿ ಮತ್ತೆ ನೋಡಲಿ. ಕೊನೆಗೆ ತೋಳಿನ ಯಂತ್ರವನ್ನೇ ಜೋಡಿಸಿ, ಒಂದು ಡಬ್ಬಿಯಿಂದ ಮೂರು ಡಬ್ಬಿಗೆ ಬದಲಿಸಿದಾಗ ಒತ್ತಡ ಹೇಗೆ ಬದಲಾಗುತ್ತದೆಂದು ಗಮನಿಸಲಿ. ಈ ಪ್ರಯೋಗವು ಡಬ್ಬಿಗೆ ಮಾತ್ರ ಮೀಸಲು; ಯಾವ ಕಾರಣಕ್ಕೂ ಸಹಪಾಠಿಯ ಮೇಲೆ ಮಾಡತಕ್ಕದ್ದಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ತಲುಪುವ ಅಭಿಪ್ರಾಯ ನಿರಾಶೆಯದಲ್ಲ. ಸಂಕಟದ ಕಾಲದಲ್ಲಿ ಹಲಗೆ, ಸೀಸೆ, ಚೀಲ, ಕೈ ಇವುಗಳಿಂದಲೇ ಜೀವಗಳು ಉಳಿದಿವೆ. ಆದರೆ ಉಳಿಸಿದ ಉಪಾಯಗಳೆಲ್ಲವೂ ಅಳತೆಯನ್ನು ಗೌರವಿಸಿದವು. ರೋಗಿಯ ಪಕ್ಕದಲ್ಲಿ ಬಲ್ಲವರನ್ನು ಇಟ್ಟುಕೊಂಡವು. ನಮ್ಮ ಕಾಲೇಜುಗಳು ಮತ್ತೊಂದು ರೋಗ ಬಂದಾಗ ಹೊಸ ಯಂತ್ರವನ್ನು ಹೂಡಲು ಓಡುವುದಕ್ಕಿಂತ, ಇಂದೇ ಮೂರು ಕೆಲಸಗಳನ್ನು ಹಿಡಿಯಬಹುದು. ಜಿಲ್ಲೆಯ ಆಸ್ಪತ್ರೆಗಳಲ್ಲಿ ಈಗಾಗಲೇ ಇರುವ ಯಂತ್ರಗಳ ಒತ್ತಡವನ್ನೂ ಹರಿವನ್ನೂ ಒರೆಹಚ್ಚಿ ನೋಡುವ ಸಾಧನಗಳನ್ನು ಸಿದ್ಧಪಡಿಸುವುದು ಒಂದು. ಕೆಟ್ಟುದನ್ನು ಸರಿಪಡಿಸಬಲ್ಲ ತಂತ್ರಜ್ಞರನ್ನು ತರಬೇತುಗೊಳಿಸುವುದು ಎರಡು. ಆಮ್ಲಜನಕದ ಉತ್ಪಾದನೆ, ಸಾಗಣೆ, ಬಳಕೆ ಇವುಗಳ ಲೆಕ್ಕವನ್ನು ಊರೂರಿಗೆ ಹಾಕಿಡುವುದು ಮೂರು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಆ ಯಂತ್ರಗಳು ಎಷ್ಟು ನಿಮಿಷ ನಡೆಯುತ್ತವೆಂಬುದನ್ನು ಗಡಿಯಾರ ಹಿಡಿದು ನೋಡುವುದೂ ಮೊದಲನೆಯ ಕೆಲಸದ ಒಂದು ಭಾಗವೇ. ಇವುಗಳಲ್ಲಿ ಹೆಸರು ಬರುವುದು ಕಡಮೆ. ಉಸಿರು ಉಳಿಯುವುದು ಹೆಚ್ಚು. ಈ ದಿಕ್ಕಿನಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಡಬ್ಬಿ, ಒಂದು ನಳಿಗೆ, ಒಂದು ಲೆಕ್ಕದ ಪುಸ್ತಕದಿಂದ ಆರಂಭಿಸಿದರೆ ಈ ಲೇಖನದ ಉದ್ದೇಶ ಸಾರ್ಥಕವಾದಂತೆ.